ಹಂಗಿನ ಲೆಕ್ಕ

"ಯಾರಿಗೇ ಜ್ವರ?" ಎಂದು ಅಮ್ಮ ಅಡುಗೆಮನೆಯಿಂದ ಕೂಗಿ ಕೇಳಿದರು.

2021ರ ಜನವರಿ ತಿಂಗಳು. ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ, ಚಳ್ಳಕೆರೆಯ ನಮ್ಮ ಮನೆಯ ನಡುಮನೆಯಲ್ಲೇ ಆಫೀಸು ಮಾಡಿಕೊಂಡು ಕುಳಿತು ಆಗಲೇ ಹತ್ತು ತಿಂಗಳಾಗಿತ್ತು. ಫೋನಿನಲ್ಲಿ ಜೊತೆಯ ಹುಡುಗನೊಬ್ಬನಿಗೆ ನಾನು, "ಇಂಜೆಕ್ಷನ್ ಮಾಡಲೇಬೇಕು, ಬೇರೆ ದಾರಿಯಿಲ್ಲ. ಆದರೆ ಒಂದೇ ಸಲಕ್ಕೆ ಬೇಡ, ಹಳೇದು ತಡೆದುಕೊಳ್ಳೋಲ್ಲ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದೆ. ಊರೆಲ್ಲ ಕೊರೋನಾ ಲಸಿಕೆಯ ಮಾತಾಡುತ್ತಿದ್ದ ಕಾಲ. ಅಮ್ಮನಿಗೆ ಗಾಬರಿಯಾದದ್ದು ಸಹಜ.

"ಜ್ವರ ಯಾರಿಗೂ ಇಲ್ಲ ಕಣಮ್ಮ, ಒಂದು ಹಳೇ ಪ್ರೋಗ್ರಾಮಿಗೆ" ಎಂದೆ. ಅಮ್ಮ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಹದಿನೆಂಟು ವರ್ಷದಿಂದ ಮಗಳು ಮಾಡುತ್ತಿರುವ ಕೆಲಸ ಏನೆಂದು ಅವರು ಯಾವತ್ತೂ ಕೇಳಿದವರಲ್ಲ. ಸಂಬಳ ಬರುತ್ತದೆ, ಕಣ್ಣು ಹಾಳಾಗುತ್ತದೆ, ಇಷ್ಟು ಅವರಿಗೆ ಗೊತ್ತಿತ್ತು. ಅವತ್ತು ಮಾತ್ರ, "ಹೇಳು, ಕೇಳಾಣ" ಎಂದು ಕುಳಿತೇಬಿಟ್ಟರು.

ನಮ್ಮ ಜಿಲ್ಲೆಯ ಒಂದು ಪತ್ತಿನ ಸಂಘದ ಸಾಲ, ಬಡ್ಡಿ, ಕಂತುಗಳ ಲೆಕ್ಕವೆಲ್ಲ ಆ ಪ್ರೋಗ್ರಾಮಿನಲ್ಲಿತ್ತು. 2006ರಲ್ಲಿ ಯಾರೋ ಬರೆದದ್ದು. ಆಮೇಲೆ ಮೂರು ನಾಲ್ಕು ಕೈ ಬದಲಾಗಿ, ಪ್ರತಿಯೊಬ್ಬರೂ ಒಂದೊಂದು ತೇಪೆ ಹಚ್ಚಿ, ಕೊನೆಗೆ ನನ್ನ ಮಡಿಲಿಗೆ ಬಂದು ಬಿದ್ದಿತ್ತು. ಇಂಥದ್ದನ್ನು ನಮ್ಮ ಕಸುಬಿನಲ್ಲಿ 'ಲೆಗಸಿ ಕೋಡ್' ಅನ್ನುತ್ತಾರೆ. ಪಿತ್ರಾರ್ಜಿತ ಎಂದು ಅರ್ಥ. ಬೇರೆಯವರಿಗೆ ಪಿತ್ರಾರ್ಜಿತವೆಂದರೆ ಹೊಲ, ಮನೆ. ನಮಗೆ ಮಾತ್ರ ಹಿರಿಯರು ಮಾಡಿಟ್ಟ ಸಾಲ. ಮೈಕೆಲ್ ಫೆದರ್ಸ್ ಎಂಬಾತ 2004ರಲ್ಲಿ ಈ ವಿಷಯದ ಮೇಲೆಯೇ ಒಂದು ದಪ್ಪ ಪುಸ್ತಕ ಬರೆದ. ಸರಿಯಿದೆಯೋ ಇಲ್ಲವೋ ಎಂದು ತಾನಾಗಿ ಪರೀಕ್ಷಿಸಿ ಹೇಳುವ ವ್ಯವಸ್ಥೆ ಯಾವ ಕೋಡಿಗೆ ಇಲ್ಲವೋ ಅದೆಲ್ಲ ಲೆಗಸಿಯೇ, ನಿನ್ನೆ ಬರೆದದ್ದಾದರೂ ಸರಿ, ಎಂಬುದು ಅವನ ಮತ.

ಈ ಪ್ರೋಗ್ರಾಮಿನಲ್ಲಿ ಬಡ್ಡಿ ಲೆಕ್ಕ ಹಾಕುವ ಒಂದು ಭಾಗವಿತ್ತು. ಕೋಡಿನಲ್ಲಿ ಒಂದು ಭಾಗವನ್ನು ಕರೆಯುವಾಗ ಅದರ ಹೆಸರಿನ ಪಕ್ಕದಲ್ಲಿ ಒಂದು ಜೊತೆ ಆವರಣ ಇರುತ್ತದೆ. ಆ ಭಾಗಕ್ಕೆ ಏನೇನು ಬೇಕೋ ಅದನ್ನು ಆ ಆವರಣದೊಳಗೆ ಇಟ್ಟು ಕೊಡುವುದು ಪದ್ಧತಿ. ಇದರ ಆವರಣ ಖಾಲಿ. ಅಂದರೆ ನನಗೆ ಯಾರಿಂದಲೂ ಏನೂ ಬೇಡ ಎಂಬ ಠೀವಿ. ಒಳಗೆ ಹೋಗಿ ನೋಡಿದರೆ, ತಾನೇ ಕಂಪ್ಯೂಟರಿನ ಗಡಿಯಾರ ನೋಡಿ ಇವತ್ತಿನ ತಾರೀಖು ತಿಳಿದುಕೊಳ್ಳುತ್ತದೆ, ತಾನೇ ಸಂಘದ ಕಡತಗಳನ್ನು ತೆರೆಯುತ್ತದೆ, ತಾನೇ ಪ್ರಿಂಟರಿಗೆ ಹೇಳಿ ಕಾಗದ ಮುದ್ರಿಸುತ್ತದೆ. ಹೊರಗೆ ನಿಂತವರಿಗೆ ಇದು ಯಾವುದೂ ಕಾಣದು.

"ಅದರಲ್ಲೇನು ತಪ್ಪು? ಪಾಪ, ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತೆ" ಎಂದರು ಅಮ್ಮ.

ನನಗೆ ನಮ್ಮ ಮನೆಯ ಎರಡು ಮದುವೆಗಳು ನೆನಪಾದವು. ದೊಡ್ಡಪ್ಪನ ದೊಡ್ಡ ಮಗಳ ಮದುವೆಯ ಅಡುಗೆಯವರು ವಾರ ಮುಂಚೆಯೇ ಬಂದು ಸಾಮಾನಿನ ಚೀಟಿ ಬರೆಸಿದ್ದರು. ಅಕ್ಕಿ ಇಷ್ಟು, ಬೇಳೆ ಇಷ್ಟು, ಎಣ್ಣೆ ಇಷ್ಟು, ಬಾಳೆಲೆ ಇಷ್ಟು, ಸೌದೆ ಇಷ್ಟು. ದೊಡ್ಡಮ್ಮ ಆ ಉದ್ದದ ಚೀಟಿ ನೋಡಿ, "ಇವರದ್ದೇನು ಪೀಕಲಾಟ" ಎಂದು ಗೊಣಗಿದ್ದರು. ಅದಕ್ಕೇ ಎರಡನೆಯವಳ ಮದುವೆಗೆ, "ಎಲ್ಲಾ ನಾನೇ ನೋಡ್ಕೊಳ್ತೀನಿ, ನೀವು ಅಕ್ಷತೆ ಹಾಕೋಕೆ ಬನ್ನಿ ಸಾಕು" ಎಂದವರನ್ನು ಹುಡುಕಿ ತಂದರು. ಎಷ್ಟು ಹಗುರವಾಗಿತ್ತು ನಮಗೆಲ್ಲ! ದೇವರೂಟದ ರಾತ್ರಿ ತುಪ್ಪ ಮುಗಿಯಿತು. ಅವರ ಗುತ್ತಿಗೆಯ ಅಂಗಡಿ ಯಾವುದೆಂದು ಅವರೊಬ್ಬರಿಗೇ ಗೊತ್ತು, ಅದೂ ಮುಚ್ಚಿತ್ತು. ಚಳ್ಳಕೆರೆಯಂಥ ಎಣ್ಣೆ ಗಿರಣಿಗಳ ಊರಿನಲ್ಲಿ ಎಣ್ಣೆಗೆ ಬರವಿಲ್ಲ, ಆದರೆ ಹೋಳಿಗೆಯ ಮೇಲೆ ಕಡಲೆಕಾಯಿ ಎಣ್ಣೆ ಬಡಿಸುವುದಕ್ಕೆ ಆಗುತ್ತದೆಯೇ?

"ಚೀಟಿ ಬರೆಸಿದವರೇ ಒಳ್ಳೆಯವರು ಅನ್ನು" ಎಂದರು ಅಮ್ಮ.

ಅಷ್ಟೇ. ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಈ ಸಾಮಾನಿನ ಚೀಟಿ. ಡಿಪೆಂಡೆನ್ಸಿ ಎಂದರೆ ಅವಲಂಬನೆ. ಒಂದು ಭಾಗ ತನಗೆ ಬೇಕಾದದ್ದನ್ನು ಒಳಗೊಳಗೇ ಹೊಂದಿಸಿಕೊಳ್ಳದೆ, ಬಾಗಿಲಲ್ಲೇ ನಿಂತು, ನನಗೆ ತಾರೀಖು ಬೇಕು, ಕಡತ ಬೇಕು, ಮುದ್ರಿಸುವವರು ಬೇಕು ಎಂದು ಕೇಳುತ್ತದೆ. ಹೊರಗಿನವರು ತಂದು ಕೊಡುತ್ತಾರೆ. ಮಾರ್ಟಿನ್ ಫೌಲರ್ ಎಂಬ ಇಂಗ್ಲೆಂಡಿನ ಲೇಖಕ 2004ರ ಜನವರಿಯಲ್ಲಿ ಬರೆದ ಒಂದು ಲೇಖನದಿಂದ ಆ ಹೆಸರು ಎಲ್ಲರ ಬಾಯಲ್ಲಿ ನಿಂತಿತು. ಹೀಗೆ ಕೇಳುವುದರಿಂದ ಏನು ಲಾಭ? ಮಾರ್ಚ್ 31ರ ಬಡ್ಡಿ ಲೆಕ್ಕ ಸರಿ ಬರುತ್ತದೋ ಎಂದು ಪರೀಕ್ಷಿಸಬೇಕಾದರೆ ಹಳೆಯ ಪ್ರೋಗ್ರಾಮಿನಲ್ಲಿ ಮಾರ್ಚ್ 31ರವರೆಗೆ ಕಾಯಬೇಕು, ಇಲ್ಲವೇ ಕಂಪ್ಯೂಟರಿನ ತಾರೀಖನ್ನೇ ತಿರುಗಿಸಬೇಕು. ಹಿಂದೆ ಯಾರೋ ಹಾಗೆ ತಿರುಗಿಸಿ ಸರಿಮಾಡಲು ಮರೆತು, ಅರ್ಧ ದಿನದ ರಸೀದಿಗಳೆಲ್ಲ ಇನ್ನೂ ಬಾರದ ತಾರೀಖಿನಲ್ಲಿ ಹೊರಬಿದ್ದ ಕತೆಯನ್ನು ಆ ಸಂಘದವರೇ ನನಗೆ ಹೇಳಿದ್ದರು. ತಾರೀಖನ್ನು ಹೊರಗಿನಿಂದ ಕೊಡುವಂತಿದ್ದರೆ ಯಾವ ದಿನ ಬೇಕೋ ಆ ದಿನವನ್ನು ಕೈಗಿಟ್ಟು ನೋಡಬಹುದು.

ಹಳೆಯ ಕೋಡಿಗೆ ಇದನ್ನು ಹೊಂದಿಸುವುದು ಸುಲಭವಲ್ಲ. ಫೆದರ್ಸ್ ಇದಕ್ಕೊಂದು ಮಾತು ಬಳಸುತ್ತಾನೆ, 'ಸೀಮ್' ಎಂದು. ಹೊಲಿಗೆಯ ಗೆರೆ. ಬಟ್ಟೆಯನ್ನು ಕತ್ತರಿಸದೆ ಅಳತೆ ಬದಲಿಸಬಹುದಾದ ಜಾಗ. ಇದನ್ನು ಓದಿದಾಗ ಈ ಮನುಷ್ಯ ನಮ್ಮ ಊರಿನ ಟೈಲರನ್ನು ನೋಡಿ ಬರೆದನೇನೋ ಎನ್ನಿಸಿತ್ತು. ಒಳ್ಳೆಯ ಟೈಲರು ರವಿಕೆಯ ಪಕ್ಕದಲ್ಲಿ ಒಂದು ಅಂಗುಲ ಬಟ್ಟೆ ಒಳಗೆ ಬಿಟ್ಟೇ ಹೊಲಿಯುತ್ತಾನೆ. ಮದುವೆಯಾಗಿ ಎರಡು ವರ್ಷಕ್ಕೆ ನಾವು ದಪ್ಪಗಾಗುತ್ತೇವೆಂದು ಅವನಿಗೆ ಗೊತ್ತು, ಹೇಳುವುದಿಲ್ಲ ಅಷ್ಟೆ. ನನ್ನ ಪಾಲಿಗೆ ಬಂದ ಕೋಡು ಮಾತ್ರ ಅಂಗುಲವಿರಲಿ, ನೂಲಿನಷ್ಟೂ ಬಿಡದೆ ಹೊಲಿದ ರವಿಕೆ.

ಇಷ್ಟೆಲ್ಲ ಬಲ್ಲವಳು ನಾನು. ಮದ್ದು ಗೊತ್ತಿದ್ದವರು ಪಥ್ಯ ಮಾಡುತ್ತಾರೆಂದೇನೂ ಇಲ್ಲ.

ಫೆಬ್ರವರಿ 12, ಶುಕ್ರವಾರ ಸಂಜೆ. ಬಡ್ಡಿಯ ಭಾಗ ಏನೇನು ಮಾಡುತ್ತದೆಂದು ತಿಳಿಯಲು ಅದನ್ನು ಒಂದು ಸಲ ನಡೆಸಿ ನೋಡೋಣವೆಂದುಕೊಂಡೆ. ಸಂಘದವರು ಕೊಟ್ಟಿದ್ದ ಹಿಂದಿನ ವರ್ಷದ ಲೆಕ್ಕದ ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ತಾರೀಖನ್ನು ಮಾರ್ಚಿಗೆ ತಿರುಗಿಸಿದೆ. ಪ್ರಿಂಟರಿನ ತಂತಿ ಕಿತ್ತಿಟ್ಟಿದ್ದೆ, ಅಷ್ಟು ಜಾಣತನ ಇತ್ತು. ಒತ್ತಿದೆ. ಅಮ್ಮ ಕೊಟ್ಟ ಕಾಫಿ ಕುಡಿಯುತ್ತ ಪರದೆ ನೋಡುತ್ತಿದ್ದಂತೆ ಒಂದು ಸಾಲು ಹಾದುಹೋಯಿತು. ಅದರ ಹಿಂದೆ ಇನ್ನೊಂದು. 'ಸಂದೇಶ ಕಳಿಸಲಾಗಿದೆ.' 'ಸಂದೇಶ ಕಳಿಸಲಾಗಿದೆ.' ಯಾರೋ 2013ರಲ್ಲಿ ಹಚ್ಚಿದ ತೇಪೆ. ಬಡ್ಡಿ ಲೆಕ್ಕ ಹಾಕುತ್ತಿದ್ದಂತೆ ಬಾಕಿದಾರರಿಗೆ ಮೊಬೈಲಿನಲ್ಲಿ ಸಂದೇಶ ಹೋಗಲಿ ಎಂದು, ಆ ಭಾಗದ ಹೊಟ್ಟೆಯೊಳಗೇ ಒಬ್ಬ ಅಂಚೆಯವನನ್ನು ಕೂರಿಸಿಟ್ಟಿದ್ದರು. ಖಾಲಿ ಆವರಣದಲ್ಲಿ ಅವನ ಸುಳಿವೇ ಇರಲಿಲ್ಲ. ನಾನು ಎದ್ದು ಇಂಟರ್‌ನೆಟ್ಟಿನ ಪೆಟ್ಟಿಗೆಯ ತಂತಿ ಕೀಳುವಷ್ಟರಲ್ಲಿ 37 ಜನರಿಗೆ, ಹಿಂದಿನ ವರ್ಷದ ಬಾಕಿ ಕಟ್ಟಿರೆಂದು, ನಿಜವಾದ ಸಂಘದ ನಿಜವಾದ ಹೆಸರಿನಲ್ಲಿ ಹೋಗಿಬಿಟ್ಟಿತ್ತು.

ಆ ರಾತ್ರಿಯೇ ಸಂಘದ ಕಾರ್ಯದರ್ಶಿಗೆ ತಿಳಿಸಿದೆ. ಅವರೂ ಗುಮಾಸ್ತರೂ ಕೂತು ಎಲ್ಲರಿಗೂ ಫೋನು ಮಾಡಿದರು. 36 ಜನ ಸಿಕ್ಕರು. ಬೈದವರು ಬೈದರು, ನಕ್ಕವರು ನಕ್ಕರು. ಒಂದು ನಂಬರು ಮಾತ್ರ ಎತ್ತಲಿಲ್ಲ. ಮೊಳಕಾಲ್ಮೂರಿನ ಒಬ್ಬ ನೇಕಾರರ ಹೆಂಡತಿಯದು. ಮಾರನೆಯ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಬೆಳಿಗ್ಗೆ ಸಂಘದ ಬಾಗಿಲು ತೆರೆಯುವ ಮುಂಚೆಯೇ ಆಕೆ 18,640 ರೂಪಾಯಿ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತಿದ್ದರಂತೆ. ಕಿವಿಯ ಓಲೆ ಗಿರವಿ ಅಂಗಡಿಯಲ್ಲಿ. ಆ ಸಾಲವನ್ನು ಅವರು ಹಿಂದಿನ ವರ್ಷವೇ ತೀರಿಸಿದ್ದರು. ರಸೀದಿ ಎಲ್ಲಿಟ್ಟರೋ ಸಿಕ್ಕಿರಲಿಲ್ಲ. ರಸೀದಿ ಇಲ್ಲದವರ ಮಾತು ಯಾರು ಕೇಳುತ್ತಾರೆ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು.

ಇದನ್ನು ಕಾರ್ಯದರ್ಶಿ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಬಂದ ಯೋಚನೆ, ಇದು ನನ್ನ ತಪ್ಪಲ್ಲ ಎಂದೇ. ಒಪ್ಪಿಕೊಳ್ಳಲು ನಾಚಿಕೆ, ಆದರೂ ನಿಜ. ಹೊಟ್ಟೆಯಲ್ಲಿ ಅಂಚೆಯವನನ್ನು ಬಚ್ಚಿಟ್ಟವರು ಯಾರೋ. ಹಳೆಯ ಲೆಕ್ಕದ ಜೊತೆ ನಿಜವಾದ ನಂಬರುಗಳನ್ನು ಕೊಟ್ಟವರು ಇನ್ನಾರೋ. ನಾನು ಬರೇ ಒಂದು ಗುಂಡಿ ಒತ್ತಿದವಳು. ಈ ವಾದವನ್ನು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಬಳ್ಳಾರಿಯ ರಸ್ತೆಯಲ್ಲಿ ತಳುಕು ದಾಟುವಾಗ ಯಾವಾಗಲೂ ನನಗೆ ಟಿ.ಎಸ್. ವೆಂಕಣ್ಣಯ್ಯನವರ, ತರಾಸು ಅವರ ಮನೆತನದ ಊರಿದು ಎಂಬ ಹೆಮ್ಮೆ ಮೂಡುತ್ತದೆ. ಅವತ್ತು ಆ ಹೆಸರಿನ ಇನ್ನೊಂದು ಅರ್ಥವೇ ತಲೆಯಲ್ಲಿ ಕೂತಿತು. ಒಂದಕ್ಕೊಂದು ತಳುಕು ಹಾಕಿಕೊಂಡದ್ದನ್ನು ಬಿಡಿಸುವುದೇ ಅಲ್ಲವೇ ನನ್ನ ಉದ್ಯೋಗ? ಬಿ.ಜಿ. ಕೆರೆ ದಾಟಿ, ಹಾನಗಲ್ಲಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಬಂಡೆಗಳ ಬೆಟ್ಟ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳಿ ಎಂಬ ಒಂದೇ ಒಕ್ಕಣೆಯನ್ನು ಮೂರು ಕಡೆ ಕಲ್ಲಿನಲ್ಲಿ ಕಡಿದು, ಕೊನೆಗೆ ಚಪಡನೆಂಬ ಲಿಪಿಕಾರ ತನ್ನ ಗುರುತು ಹಾಕಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದವನ ಹೆಸರು ನಮಗೆ ಗೊತ್ತು. 2013ರಲ್ಲಿ ಆ ತೇಪೆ ಹಚ್ಚಿದವರ ಹೆಸರು ಯಾರಿಗೂ ಗೊತ್ತಿಲ್ಲ!

ಮನೆ ಸಿಕ್ಕಿತು. ಹೊರಗಿನಿಂದಲೇ ಮಗ್ಗದ ಸದ್ದು. ಆಕೆಗೆ ಅರವತ್ತರ ಮೇಲೆ ವಯಸ್ಸು, ಕಿವಿಯಲ್ಲಿ ಓಲೆ ಮತ್ತೆ ಬಂದಿತ್ತು. ನಾನು ಯಾರೆಂದು ಹೇಳಿ, "ಅಮ್ಮಾ, ಒಂದು ತಪ್ಪಾಗಿಬಿಡ್ತು. ಆ ಮೆಸೇಜು ಕಂಪ್ಯೂಟರಿನಿಂದ ತಾನಾಗಿಯೇ ಹೋಗಿಬಿಡ್ತು" ಎಂದೆ.

ಆಕೆ ರಾಟೆ ನಿಲ್ಲಿಸಿ ನನ್ನ ಮುಖ ನೋಡಿದರು. "ಅದು ತಾನೇ ಕಳಿಸ್ತಾ, ನೀನು ಕಳಿಸಿದ್ದಾ ಕಣವ್ವ?"

ಬಯ್ಗುಳವಲ್ಲ, ಕುಹಕವಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಪ್ರಶ್ನೆ. ನನ್ನ ಎರಡು ದಿನದ ವಾದವೆಲ್ಲ ಆ ಒಂದು ಪ್ರಶ್ನೆಯ ಮುಂದೆ ಉದುರಿಹೋಯಿತು. 'ಹೋಗಿಬಿಡ್ತು', 'ಆಗಿಬಿಡ್ತು', 'ಒಡೆದುಹೋಯ್ತು'. ನಮ್ಮ ಭಾಷೆಯಲ್ಲಿ ಮಾಡಿದವರನ್ನು ಮರೆಸುವ ಇಂಥ ಕ್ರಿಯಾಪದಗಳು ಎಷ್ಟು ಸಲೀಸಾಗಿ ಸಿಗುತ್ತವೆ! ಲೋಟ ತಾನಾಗಿಯೇ ಒಡೆದುಹೋಗುತ್ತದೆ, ಹಾಲು ತಾನಾಗಿಯೇ ಉಕ್ಕಿಹೋಗುತ್ತದೆ.

"ನಾನೇ ಕಳಿಸಿದೆನಮ್ಮ. ನೋಡದೆ ಒತ್ತಿದೆ" ಎಂದೆ.

"ಹಂಗನ್ನು" ಎಂದು ರಾಟೆ ಮತ್ತೆ ತಿರುಗಿಸತೊಡಗಿದರು. "ತಾನೇ ಕಳಿಸೋದಾದ್ರೆ ನಾಳೆನೂ ಕಳಿಸ್ತಿತ್ತು."

ಎರಡು ದಿನ ಇಟ್ಟರೂ ಗಿರವಿ ಅಂಗಡಿಯವರು ಒಂದು ತಿಂಗಳ ಬಡ್ಡಿ ಹಿಡಿಯುತ್ತಾರೆ. ಆಕೆ ಇಸಿದುಕೊಂಡದ್ದು 19,000, ಬಡ್ಡಿ 380 ರೂಪಾಯಿ. ನಾನು 2,000 ರೂಪಾಯಿ ಲಕೋಟೆಯಲ್ಲಿ ಹಾಕಿಕೊಂಡು ಹೋಗಿದ್ದೆ. ಆಕೆ ಲಕೋಟೆ ಬಿಚ್ಚಿ, ಮೊಮ್ಮಗನ ಕೈಯಲ್ಲಿ ಎಣಿಸಿ, 400 ಇಟ್ಟುಕೊಂಡು, 20 ರೂಪಾಯಿ ಚಿಲ್ಲರೆ ಒಳಗಿನಿಂದ ತರಿಸಿ ಉಳಿದದ್ದರ ಜೊತೆ ಸೇರಿಸಿ ನನ್ನ ಕೈಗೆ ವಾಪಸು ಇಟ್ಟರು. "ಬಡ್ಡಿ ನಿನ್ನ ತಪ್ಪಿಂದು, ತಗಂಡೆ. ಉಳಿದಿದ್ದು ಯಾತಕ್ಕೆ?" ಎಂದರು. ಯಾತಕ್ಕೆಂದು ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಮನಸ್ಸಿನ ಸಮಾಧಾನಕ್ಕೆ ಎಂದರೆ ಅದಕ್ಕೆ ಅವರೇಕೆ ಹೊಣೆ?

ಟೀ ಬಂತು. ನಾನು ಮಗ್ಗ ನೋಡುತ್ತ ಕೂತೆ. ಗಂಡ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತ, ಲಾಳಿ ಆ ಕಡೆ ಈ ಕಡೆ ಓಡಿಸುತ್ತಿದ್ದರು. ಆಕೆ ಕಂಡಿಕೆ ಸುತ್ತುತ್ತಿದ್ದರು. 2011ರಲ್ಲಿ ಊರಿನ ಹೆಸರಿನೊಡನೆ ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ ಹೀಗೆ ಬೆರಳು ಬೆರಳಾಗಿ ಬೆಳೆಯುತ್ತದೆ. ಮಗ್ಗದ ನೆತ್ತಿಯ ಮೇಲೆ ಜಕಾರ್ಡಿನ ಪೆಟ್ಟಿಗೆ, ಅದರಿಂದ ಮಾಲೆಯಂತೆ ಜೋತುಬಿದ್ದ ತೂತುಗಳ ರಟ್ಟುಗಳು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ರಟ್ಟಿನ ಮಾಲೆ ಬದಲಿಸಿದರೆ ಅದೇ ಮಗ್ಗದಲ್ಲಿ ನವಿಲು ಹೋಗಿ ಮಾವಿನಕಾಯಿ ಬರುತ್ತದೆ. ಮಗ್ಗಕ್ಕೆ ನವಿಲೂ ಗೊತ್ತಿಲ್ಲ, ಮಾವಿನಕಾಯಿಯೂ ಗೊತ್ತಿಲ್ಲ. ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಜಕಾರ್ಡ್ 1804ರಲ್ಲಿ ಮಾಡಿದ ಯುಕ್ತಿ ಇದು. ಇದನ್ನು ಕಂಡೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ರಟ್ಟುಗಳನ್ನು ಯೋಚಿಸಿದ. ಆ ಯಂತ್ರವನ್ನು ಕುರಿತು 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು ಬೀಜಗಣಿತವನ್ನೇ ನೇಯ್ಗೆಗೆ ಹೋಲಿಸಿದಳು. ನನ್ನ ಕಸುಬಿನ ಮುತ್ತಜ್ಜಿ ಈ ಮಗ್ಗ. ಹೊರಗಿನಿಂದ ಕೊಟ್ಟದ್ದನ್ನು ಒಪ್ಪಿ ಮಾಡುವ ಅದರ ಗುಣವನ್ನೇ ನಾನು ಆ ಹಳೆಯ ಪ್ರೋಗ್ರಾಮಿಗೆ ಕಲಿಸಲು ಹೊರಟಿದ್ದೆ.

ಖುಷಿಯಾಗಿ, "ಎಷ್ಟು ಚೆನ್ನಾಗಿದೆ ಅಮ್ಮ, ಯಾವ ಮಾದರಿ ಬೇಕಾದರೂ ನೇಯಬಹುದು ನೀವು" ಎಂದೆ.

ಇಬ್ಬರೂ ನಕ್ಕರು. "ಹಾಸು ಸಾಹುಕಾರ್ರದು, ಜರಿ ಸಾಹುಕಾರ್ರದು, ಆ ರಟ್ಟೂ ಅವರದೇ. ಮಗ್ಗ ನಮ್ದು, ಕೈ ನಮ್ದು. ಅವರು ಯಾವ ಬಣ್ಣ ಕೊಡ್ತಾರೋ ಆ ಬಣ್ಣ" ಎಂದರು ಗಂಡ. ಆಕೆ ಕಂಡಿಕೆಯಿಂದ ಕಣ್ಣೆತ್ತದೆ ಹೇಳಿದರು: "ನಂಗೆ ಹಸಿರಿಗೆ ಅರಿಶಿನದ ಅಂಚು ನೇಯಬೇಕು ಅಂತ ಭಾಳ ದಿನದಿಂದ ಐತೆ. ಯಾರು ಕೇಳ್ತಾರೆ?"

ಬಸ್ಸಿನಲ್ಲಿ ವಾಪಸು ಬರುವಾಗ ಈ ಮಾತು ಬಿಡಲಿಲ್ಲ. ಎಲ್ಲವನ್ನೂ ಹೊರಗಿನಿಂದ ಪಡೆಯುವ ಕೋಡನ್ನು ನಾವು ಒಳ್ಳೆಯ ಕೋಡು ಅನ್ನುತ್ತೇವೆ. ಎಲ್ಲವನ್ನೂ ಹೊರಗಿನಿಂದ ಪಡೆಯುವ ಮನುಷ್ಯರ ಬದುಕನ್ನು ಒಳ್ಳೆಯದೆನ್ನಲು ಬಾಯಿ ಬಾರದು. ಹಾಗಾದರೆ ನಾನು ಅಮ್ಮನಿಗೆ ಹೇಳಿದ ಪಾಠದಲ್ಲಿ ಏನೋ ಬಿಟ್ಟುಹೋಗಿದೆ. ತಳುಕು ಬರುವ ಹೊತ್ತಿಗೆ ಅದು ಹೊಳೆಯಿತು. ಅಡುಗೆಯವರೂ ಹೊರಗಿನಿಂದಲೇ ಪಡೆದರು, ನೇಕಾರರೂ ಹೊರಗಿನಿಂದಲೇ ಪಡೆಯುತ್ತಾರೆ. ಆದರೆ ಮದುವೆಮನೆಯಲ್ಲಿ ಚೀಟಿ ಬರೆಸಿದವರು ಅಡುಗೆಯವರು. ಮಗ್ಗದ ಮನೆಯಲ್ಲಿ ಚೀಟಿ ಬರೆಯುವವರು ಸಾಹುಕಾರರು. ನಾನು ಆ ಆವರಣವನ್ನು ಮೆಚ್ಚಿದ್ದು ಸಾಮಾನು ಹೊರಗಿನಿಂದ ಬರುತ್ತದೆಂಬ ಕಾರಣಕ್ಕಲ್ಲ, ಬೇಕಾದವರೇ ಬೇಕಾದದ್ದನ್ನು ಹೇಳುವ ಜಾಗ ಅದು ಎಂಬ ಕಾರಣಕ್ಕೆ. ಕನ್ನಡದಲ್ಲಿ ನಾವು ಎರಡಕ್ಕೂ ಹಂಗು ಎಂಬ ಒಂದೇ ಮಾತು ಬಳಸಿಬಿಡುತ್ತೇವೆ. ಹೀಗಾಗಿ ಹಂಗೆಂದರೆ ಹೆದರಿ, ಕೇಳುವುದನ್ನೇ ಬಿಟ್ಟುಬಿಡುತ್ತೇವೆ.

ರಾತ್ರಿ ಊಟಕ್ಕೆ ಕೂತಾಗ ಓಲೆಯ ಕತೆಯನ್ನು ಅಮ್ಮನಿಗೆ ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಂಗೊಂದು ಹೇಳಬೇಕು. ಹೇಳಬಾರದು ಅಂತಲೇ ಇದ್ದೆ" ಎಂದರು.

ನಮ್ಮಪ್ಪ ಇಲ್ಲಿನ ಒಂದು ಎಣ್ಣೆ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಗಿರಣಿಗಳಿಗೆ ಕಷ್ಟಕಾಲ ಬಂದಾಗ ಸಂಬಳ ಎರಡು ಮೂರು ತಿಂಗಳು ತಡವಾಗುತ್ತಿತ್ತು. ನಮಗೆ ಮಾತ್ರ ಗೊತ್ತಾಗಲೇ ಇಲ್ಲ. ಸಾರು, ಅನ್ನ, ಹಬ್ಬಕ್ಕೊಂದು ಲಂಗ, ಯಾವುದೂ ತಪ್ಪಲಿಲ್ಲ. "ನಿಮ್ಮಮ್ಮ ಯಾರ ಹಂಗಿಗೂ ಹೋದವಳಲ್ಲ" ಎಂದು ಅಪ್ಪ ಸಾಯುವವರೆಗೂ ನಾಲ್ಕು ಜನರೆದುರು ಹೇಳುತ್ತಿದ್ದರು. ಅಮ್ಮ ಅವತ್ತು ಹೇಳಿದ್ದು ಇಷ್ಟು: ತಿಂಗಳ ಕೊನೆಯಲ್ಲಿ ಪಕ್ಕದ ಮನೆಯವರು ಹಿತ್ತಿಲ ಗೋಡೆಯ ಮೇಲಿಂದ ಅಕ್ಕಿಯ ಡಬ್ಬಿ ದಾಟಿಸುತ್ತಿದ್ದರು. ಅಕ್ಕಿಯೊಳಗೆ ದುಡ್ಡು. ಸಂಬಳ ಬಂದಾಗ ಅದೇ ಡಬ್ಬಿಯಲ್ಲಿ ಅಮ್ಮ ವಾಪಸು ಕಳಿಸುತ್ತಿದ್ದರು. ಆರು ವರ್ಷ ನಡೆಯಿತಂತೆ. ಅಪ್ಪನಿಗೂ ತಿಳಿಯದು.

1996ರಲ್ಲಿ ಆ ಮನೆಯವರು ದಾವಣಗೆರೆಗೆ ಹೋದರು. ಆ ವರ್ಷವೇ ನನ್ನ ಪಿಯುಸಿ ಫೀಸು ಕಟ್ಟುವುದು ತಡವಾಗಿ, ಕ್ಲಾಸಿನಲ್ಲಿ ಹೆಸರು ಕೂಗಿಸಿಕೊಂಡು ಮನೆಗೆ ಬಂದಿದ್ದೆ. ಅಪ್ಪನ ಎದುರು ನಿಂತು, "ಮೊದಲು ಆಗುತ್ತಿದ್ದದ್ದು ಈಗ ಯಾಕೆ ಆಗಲ್ಲ? ನಿಮಗೆ ನನ್ನ ಓದಿನ ಮೇಲೆ ಮನಸ್ಸಿಲ್ಲ" ಎಂದಿದ್ದೆ. ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ಮೊದಲು ಹೇಗೆ ಆಗುತ್ತಿತ್ತೆಂದು ಅವರಿಗೇ ಗೊತ್ತಿರಲಿಲ್ಲವಲ್ಲ! ಉತ್ತರ ಗೊತ್ತಿದ್ದ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು.

"ಹೇಳಿಬಿಡಬಹುದಿತ್ತಲ್ಲಮ್ಮ."

"ಹೇಳಿದ್ರೆ ನಿಮ್ಮಪ್ಪನ ಮರ್ಯಾದೆ?"

ಇಪ್ಪತ್ತೈದು ವರ್ಷದ ಹಿಂದೆ ತಪ್ಪು ಮನುಷ್ಯನಿಗೆ ಹೊಡೆದ ಮಾತು, ವಾಪಸು ತೆಗೆದುಕೊಳ್ಳಲು ಆ ಮನುಷ್ಯನಿಲ್ಲ. ಅಮ್ಮನ ಮೇಲೆ ಸಿಟ್ಟು ಬಂತು, ಆದರೆ ಸಿಟ್ಟು ನಿಲ್ಲಲಿಲ್ಲ. ಅವರು ಬಚ್ಚಿಟ್ಟದ್ದು ಮೋಸಕ್ಕಲ್ಲ, ಮನೆ ನಡೆಯಲಿ ಎಂದು. 2013ರ ಆ ಹೆಸರಿಲ್ಲದ ತೇಪೆಯವನೂ ಗುಮಾಸ್ತನಿಗೆ ಒಂದೇ ಗುಂಡಿ ಒತ್ತಿದರೆ ಸಾಕಾಗಲಿ ಎಂದೇ ಬಚ್ಚಿಟ್ಟಿರಬೇಕು. ನೀವೂ ನೋಡಿರುತ್ತೀರಿ, ಹಬ್ಬಕ್ಕೆ ನಿನಗೇನು ಬೇಕು ಎಂದು ಮನೆಯವರು ಕೇಳಿದರೆ ನಮ್ಮ ಬಾಯಿಂದ ಮೊದಲು ಬರುವ ಮಾತು "ನನಗೇನೂ ಬೇಡ". ಖಾಲಿ ಆವರಣ. ಅದನ್ನು ಗುಣವೆಂದು ಹೊಗಳಿಸಿಕೊಂಡು ಬೆಳೆದಿದ್ದೇವೆ. ಒಳಗೆ ಎಷ್ಟು ಅಕ್ಕಿ ಡಬ್ಬಿಗಳೋ.

ಪ್ರೋಗ್ರಾಮಿನ ಕೆಲಸ ಮಾರ್ಚಿನಲ್ಲಿ ಮುಗಿಯಿತು. ಪೂರ್ತಿ ಕೆಡವಿ ಹೊಸದಾಗಿ ಕಟ್ಟೋಣ ಎಂದು ಜೊತೆಯ ಹುಡುಗ ಹೇಳುತ್ತಲೇ ಇದ್ದ. ಆ ವಯಸ್ಸಿನಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಕೆಡವಿದರೆ ಹದಿನೈದು ವರ್ಷದಲ್ಲಿ ಒಬ್ಬೊಬ್ಬರು ಒಂದೊಂದು ಕಷ್ಟಕ್ಕೆಂದು ಸೇರಿಸಿದ ತಿಳುವಳಿಕೆಯೂ ಮಣ್ಣುಪಾಲು. ನಾವು ಮಾಡಿದ್ದು ಸಣ್ಣ ಕೆಲಸ. ಖಾಲಿ ಆವರಣದ ಪಕ್ಕದಲ್ಲೇ ಇನ್ನೊಂದು ಬಾಗಿಲು ಇಟ್ಟೆವು, ತಾರೀಖನ್ನೂ ಅಂಚೆಯವನನ್ನೂ ಹೊರಗಿನಿಂದ ಕೇಳುವ ಬಾಗಿಲು. ಹಳೆಯ ಬಾಗಿಲಿನಿಂದ ಕರೆಯುತ್ತಿದ್ದ ಕಡೆಗಳನ್ನು ಒಮ್ಮೆಗೇ ಕೀಳಲಿಲ್ಲ. ಹಾಗೆ ಬಂದವರಿಗೆ ಮೊದಲಿನ ಗಡಿಯಾರ, ಮೊದಲಿನ ಅಂಚೆಯವನೇ ಸಿಗುವಂತೆ ಮಾಡಿ, ದಿನಕ್ಕೊಂದು ಎರಡರಂತೆ ಹೊಸ ಬಾಗಿಲಿಗೆ ತಂದೆವು. ಪರೀಕ್ಷೆಗೆ ಒಬ್ಬ ಸುಳ್ಳು ಅಂಚೆಯವನನ್ನು ಮಾಡಿದೆವು. ಅವನು ಯಾರಿಗೂ ಏನೂ ಕಳಿಸುವುದಿಲ್ಲ, ಯಾರಿಗೆ ಏನು ಕಳಿಸಬೇಕಿತ್ತೆಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾನೆ. ಸುಳ್ಳಿನಿಂದಲೇ ನಿಜ ಗೊತ್ತಾಗುವ ವಿಚಿತ್ರ ನಮ್ಮ ಕಸುಬಿನಲ್ಲಿದೆ. ತಾರೀಖು ಕೈಗೆ ಬಂದದ್ದೇ ತಡ, 2024ರ ಫೆಬ್ರವರಿ 29ನ್ನು ಮೂರು ವರ್ಷ ಮೊದಲೇ ಕ

ೊಟ್ಟು ನೋಡಿದೆವು. ಅಧಿಕ ವರ್ಷದ ಬಡ್ಡಿಯಲ್ಲಿ ಒಂದು ದಿನ ತಪ್ಪುತ್ತಿತ್ತು, ಸಿಕ್ಕಿತು.

ಚೀಟಿ ಬರೆಸುತ್ತ ಹೋದಂತೆ ಅದು ಉದ್ದವಾಗತೊಡಗಿತು. ಒಂದು ಭಾಗವಂತೂ ಹನ್ನೊಂದು ಸಾಮಾನು ಕೇಳಿತು. "ಇದಕ್ಕಿಂತ ಬಚ್ಚಿಟ್ಟದ್ದೇ ಚೆನ್ನಾಗಿತ್ತು ಮೇಡಂ" ಎಂದ ಹುಡುಗ. ಹನ್ನೊಂದು ಸಾಮಾನು ಮೊದಲೂ ಬೇಕಿತ್ತಪ್ಪ, ನಮಗೆ ಕಾಣುತ್ತಿರಲಿಲ್ಲ ಅಷ್ಟೆ ಎಂದೆ. ಒಬ್ಬರ ಮೇಲೆ ಇಷ್ಟು ಹೊರೆ ಹೊರಿಸಿದ್ದೇವಲ್ಲ ಎಂದು ಆಗಷ್ಟೇ ಗೊತ್ತಾಗಿ, ಆ ಭಾಗವನ್ನು ಮೂರು ಮಾಡಿದೆವು.

ಅಮ್ಮ ಈಗ ಪ್ರತಿ ತಿಂಗಳು ಒಂದು ಚೀಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸುತ್ತಾರೆ. ಮೊದಲ ತಿಂಗಳು ಅದರಲ್ಲಿ ಬಿ.ಪಿ. ಮಾತ್ರೆ, ಹುಣಿಸೆಹಣ್ಣು ಎರಡೇ ಇದ್ದವು. ನಾಲ್ಕನೆಯ ತಿಂಗಳು, ಹುಣಿಸೆಹಣ್ಣಿನ ಕೆಳಗೆ, ಅಳಿಸಿ ಮತ್ತೆ ಬರೆದ ಅಕ್ಷರದಲ್ಲಿ, 'ದಾವಣಗೆರೆಗೆ ಹೋಗಿ ಬರಬೇಕು' ಎಂದಿತ್ತು. ಹೋಗಿ ಬಂದೆವು. ಆ ಮನೆಯವರು ಹಾಸಿಗೆ ಹಿಡಿದಿದ್ದರು, ಗುರುತು ಹಿಡಿದರು. ಅಮ್ಮ ಒಂದು ಡಬ್ಬಿ ಅಕ್ಕಿ ತೆಗೆದುಕೊಂಡು ಹೋಗಿದ್ದರು. ಒಳಗೇನಿತ್ತೆಂದು ನಾನು ಕೇಳಲಿಲ್ಲ.

2022ರ ಮಾರ್ಚಿನ ಕೊನೆಯ ವಾರ, ಒಂದು ಬೆಳಿಗ್ಗೆ ನನ್ನ ಫೋನು ಬಡಿದುಕೊಂಡಿತು. ಮೊಳಕಾಲ್ಮೂರಿನ ನಂಬರು. ಮಗ್ಗದ ರಿಪೇರಿಗೆಂದು ಆಕೆ ಅದೇ ಸಂಘದಲ್ಲಿ ಹೊಸ ಸಾಲ ತೆಗೆದಿದ್ದರಂತೆ, ಕಂತಿನ ಸಂದೇಶ ಬಂದಿತ್ತು. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು.

"ಮೆಸೇಜು ಬಂದೈತೆ ಕಣವ್ವ" ಎಂದರು. "ಇದು ನೀನು ಕಳಿಸಿದ್ದಾ, ಸಂಘದವರು ಕಳಿಸಿದ್ದಾ?"